ಮುದ್ದೆ, ಕಾಯಿ, ಕಾಫಿ ಬಿಡದೆ ಕ್ಯಾಲೋರಿ ಲೆಕ್ಕ ಹಾಕಿ ತೂಕ ಇಳಿಸೋದು ಹೇಗೆ: ಹಾಸನದ ಅಡುಗೆಮನೆಗೆ ಹೊಂದೋ ಸಮಗ್ರ ಮಾರ್ಗದರ್ಶಿ

ನಮ್ಮ ಹಾಸನದ ಕಡೆ ತೂಕ ಇಳಿಸ್ಬೇಕು ಅಂದ ತಕ್ಷಣ ಸಿಗೋ ಸಲಹೆ ಎರಡೇ, ಅನ್ನ ಬಿಟ್ಟು ಮುದ್ದೆ ತಿನ್ನಿ, ಇಲ್ಲಾಂದ್ರೆ ಬೆಳಿಗ್ಗೆ ಎದ್ದು ಮಹಾರಾಜ ಪಾರ್ಕಲ್ಲಿ ರೌಂಡ್ ಹಾಕಿ. ಎರಡೂ ಒಳ್ಳೇದೇ, ಆದ್ರೆ ಎರಡನ್ನೂ ವರ್ಷಗಟ್ಟಲೆ ಮಾಡಿ ಒಂದು ಕೆಜಿನೂ ಇಳೀದೆ ಬೇಜಾರಾಗಿ ಕೂತಿರೋರು ಎಲ್ಲರ ಮನೇಲೂ ಒಬ್ರು ಇದಾರೆ. ಅವರೇನೂ ಸೋಮಾರಿಗಳಲ್ಲ, ದೇಹಕ್ಕೆ ಎಷ್ಟು ಬೇಕು, ತಟ್ಟೆಗೆ ಎಷ್ಟು ಬರ್ತಿದೆ ಅನ್ನೋ ಎರಡು ನಂಬರ್ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ ಅಷ್ಟೇ. ಕ್ಯಾಲೋರಿ ಅಂದ್ರೆ ಊಟದಿಂದ ಸಿಗೋ ಶಕ್ತಿಯ ಅಳತೆ, ಕ್ಯಾಲೋರಿ ಲೆಕ್ಕ ಅಂದ್ರೆ ಆ ಎರಡು ನಂಬರ್ ಕಂಡುಕೊಳ್ಳೋ ಕೆಲಸ. ಜೀವನಪೂರ್ತಿ ಮಾಡೋದಲ್ಲ, ಒಂದೆರಡು ತಿಂಗಳು ಶ್ರದ್ಧೆಯಿಂದ ಮಾಡಿದ್ರೆ ಕಣ್ಣಿಗೆ ಅಳತೆ ಕೂತ್ಕೊಳ್ಳತ್ತೆ, ಅದಾದ್ಮೇಲೆ ತಕ್ಕಡಿ ಎತ್ತಿಡಬಹುದು.

ಇಂಟರ್ನೆಟ್ಟಲ್ಲಿ ಸಿಗೋ ಡಯಟ್ ಚಾರ್ಟ್‌ಗಳಲ್ಲಿ ಓಟ್ಸು, ಬ್ರೊಕೊಲಿ, ಆಲಿವ್ ಆಯಿಲ್ ಇರತ್ತೆ, ನಮ್ಮ ಬಸ್ಸಾರು ಉಪ್ಸಾರು ಹುರುಳಿಕಾಳು ಸಾರು ಇರಲ್ಲ. ಹಾಗಾಗಿ ಇದನ್ನ ನಮ್ಮ ಅಡುಗೆ ಇಟ್ಕೊಂಡೇ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ, ಸಮಾಧಾನವಾಗಿ ಓದಿ.

ಮೊದ್ಲು ನಾಲ್ಕು ಅಂಕಿ ನೆನಪಿಟ್ಕೊಳ್ಳಿ

ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಲ್ಲಿ 4 ಕ್ಯಾಲೋರಿ, ಒಂದು ಗ್ರಾಂ ಪ್ರೋಟೀನಲ್ಲೂ 4, ಒಂದು ಗ್ರಾಂ ಎಣ್ಣೆ ತುಪ್ಪ ಯಾವುದೇ ಕೊಬ್ಬಾಗ್ಲಿ 9, ಇನ್ನು ಹೆಂಡದಲ್ಲಿರೋ ಆಲ್ಕೋಹಾಲ್ ಗ್ರಾಂಗೆ 7. ಅಂದ್ರೆ ಎಣ್ಣೆಗೆ ಹಿಟ್ಟಿಗಿಂತ ಎರಡು ಪಟ್ಟಿಗೂ ಜಾಸ್ತಿ ಬೆಲೆ. ಈ ಒಂದು ವಿಷಯ ಮನಸ್ಸಿಗೆ ಹೋದ್ರೆ ಅರ್ಧ ಪಾಠ ಮುಗೀತು, ಯಾಕೆ ಅಂತ ಮುಂದೆ ಗೊತ್ತಾಗತ್ತೆ.

ಮೈಯಲ್ಲಿರೋ ಒಂದು ಕೆಜಿ ಕೊಬ್ಬು ಕರಗ್ಬೇಕು ಅಂದ್ರೆ ಸುಮಾರು 7700 ಕ್ಯಾಲೋರಿ ಕೊರತೆ ಆಗ್ಬೇಕು. ದಿನಕ್ಕೆ 400 ಕಡಿಮೆ ತಿಂದ್ರೆ ವಾರಕ್ಕೆ 2800, ಅಂದ್ರೆ ವಾರಕ್ಕೆ ಮುನ್ನೂರೈವತ್ತು ನಾನೂರು ಗ್ರಾಂ ಹತ್ತಿರ. ನಿಜವಾದ ಕೊಬ್ಬು ಇಳಿಯೋ ಸ್ಪೀಡ್ ಇದು. ಹತ್ತು ದಿನಕ್ಕೆ ಐದು ಕೆಜಿ ಇಳಿಸ್ತೀವಿ ಅನ್ನೋ ಜಾಹೀರಾತು ನೋಡಿದಾಗ ಈ 7700ನ ಐದರಿಂದ ಗುಣಿಸಿ ನೋಡಿ, ಇಳಿದಿರೋದು ಬಹುಪಾಲು ನೀರು ಮತ್ತೆ ಸ್ವಲ್ಪ ಸ್ನಾಯು ಅಂತ ನಿಮಗೇ ಅರ್ಥ ಆಗತ್ತೆ. ತುಂಬಾ ಬೇಗ ಇಳಿಸಿದ್ರೆ ಪಿತ್ತಕೋಶದಲ್ಲಿ ಕಲ್ಲಾಗೋ ಅಪಾಯನೂ ಇದೆ.

ಯಾರು ಇದನ್ನ ಸ್ವಂತಕ್ಕೆ ಶುರು ಮಾಡ್ಬಾರ್ದು

ಬಸುರಿಯರು, ಮಗುವಿಗೆ ಹಾಲು ಕುಡಿಸ್ತಿರೋ ತಾಯಂದಿರು, ಬೆಳೆಯೋ ಮಕ್ಕಳು, ಇವರು ಬೇಡವೇ ಬೇಡ. ಊಟದ ವಿಷಯದಲ್ಲಿ ಮೊದಲೇ ಮನಸ್ಸು ಕೆಟ್ಟಿರೋರು, ಅಂದ್ರೆ ಉಪವಾಸ ಬಿದ್ದು ಆಮೇಲೆ ವಿಪರೀತ ತಿಂದು ವಾಂತಿ ಮಾಡೋ ಥರದ ತೊಂದರೆ ಇದ್ದೋರಿಗೂ ನಂಬರ್ ಆಟ ಒಳ್ಳೇದಲ್ಲ. ಶುಗರ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳೋರು ದಯವಿಟ್ಟು ಡಾಕ್ಟ್ರನ್ನ ಕೇಳ್ದೆ ಊಟ ಕಡಿಮೆ ಮಾಡ್ಬೇಡಿ, ಔಷಧಿ ಅಷ್ಟೇ ಇದ್ದು ಊಟ ಇಳಿದ್ರೆ ಶುಗರ್ ಲೋ ಆಗಿ ತಲೆ ಸುತ್ತಿ ಬೀಳೋದು ಸುಮ್ನೆ ಮಾತಲ್ಲ. ಕಿಡ್ನಿ ತೊಂದರೆ ಇದ್ದೋರೂ ಅಷ್ಟೇ. ಇದ್ದಕ್ಕಿದ್ದಂಗೆ ತೂಕ ಏರಿದ್ರೆ, ಜೊತೆಗೆ ಸುಸ್ತು, ಮುಟ್ಟು ಏರುಪೇರು ಇದ್ರೆ ಮೊದ್ಲು ಥೈರಾಯ್ಡ್ ಟೆಸ್ಟ್ ಮಾಡಿಸಿ.

ಹಂತ 1: ನಿಮಗೆ ಇಳಿಸೋ ಅಗತ್ಯ ಇದೆಯಾ ನೋಡಿ

ಒಂದು ಟೈಲರ್ ಟೇಪ್ ತಗೊಳ್ಳಿ, ಹೊಕ್ಕಳ ಮಟ್ಟದಲ್ಲಿ ಹೊಟ್ಟೆ ಸುತ್ತ ಅಳೀರಿ, ಉಸಿರು ಎಳ್ಕೋಬೇಡಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಇದು ನಮ್ಮ ದೇಶದವರಿಗೆ ಇಟ್ಟಿರೋ ಗೆರೆ. ಆಮೇಲೆ ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ತೋರ್ಸೋ ಅಂಕಿ, ಕೆಜಿಯಲ್ಲಿರೋ ತೂಕನ ಎತ್ತರದಿಂದ ಎರಡು ಸಲ ಭಾಗಿಸಿ, ಎತ್ತರ ಮೀಟರಲ್ಲಿ ಇರ್ಬೇಕು. ನಮ್ಮವರಿಗೆ 23 ದಾಟಿದ್ರೆ ತೂಕ ಜಾಸ್ತಿ, 25 ದಾಟಿದ್ರೆ ಬೊಜ್ಜು ಅಂತ ಲೆಕ್ಕ. ವಿದೇಶಿ ಚಾರ್ಟಲ್ಲಿ ಇದು 25 ಮತ್ತು 30 ಅಂತ ಇರತ್ತೆ, ನಮ್ಮವರಿಗೆ ಕೈಕಾಲು ಸಣ್ಣ ಇದ್ರೂ ಹೊಟ್ಟೆ ಸುತ್ತ ಕೊಬ್ಬು ಬೇಗ ಸೇರತ್ತೆ, ಶುಗರ್ರೂ ಬೇಗ ಬರತ್ತೆ, ಅದಕ್ಕೇ ಗೆರೆ ಕೆಳಗಿದೆ. ಎರಡರಲ್ಲೂ ಗೆರೆ ಒಳಗಿದ್ರೆ ಇದನ್ನ ಓದಿ ತಿಳ್ಕೊಂಡ್ರೆ ಸಾಕು, ತೂಕ ಇಳಿಸೋದು ಬೇಡ.

ಗುರಿನೂ ಚಿಕ್ಕದಾಗಿ ಇಟ್ಕೊಳ್ಳಿ. ಈಗಿರೋ ತೂಕದ 5ರಿಂದ 10 ಪರ್ಸೆಂಟ್ ಇಳಿದ್ರೇನೇ ಬಿಪಿ, ಶುಗರ್, ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಒಂದು ಥರದ ಕೊಬ್ಬು) ಮೇಲೆ ಒಳ್ಳೆ ಪರಿಣಾಮ ಕಾಣತ್ತೆ. ಕಾಲೇಜಲ್ಲಿದ್ದಾಗಿನ ತೂಕಕ್ಕೆ ವಾಪಸ್ ಹೋಗ್ಬೇಕು ಅಂತ ಹಠ ಹಿಡೀಬೇಡಿ.

ಹಂತ 2: ದಿನಕ್ಕೆ ಎಷ್ಟು ಬೇಕು ಅನ್ನೋ ನಂಬರ್

ಇದಕ್ಕೆ ಮಿಫ್ಲಿನ್ ಸೇಂಟ್ ಜಿಯೋರ್ ಅನ್ನೋ ಸೂತ್ರ ಇದೆ, 1990ರದ್ದು, ಈಗ್ಲೂ ಎಲ್ಲಾ ಕಡೆ ಬಳಸ್ತಾರೆ. ತೂಕ ಕೆಜಿಯಲ್ಲಿ ಇಂಟು 10, ಅದಕ್ಕೆ ಎತ್ತರ ಸೆಂಟಿಮೀಟರಲ್ಲಿ ಇಂಟು 6.25 ಕೂಡಿಸಿ, ಅದರಿಂದ ವಯಸ್ಸು ಇಂಟು 5 ಕಳೀರಿ. ಕೊನೇಲಿ ಗಂಡಸಾದ್ರೆ 5 ಕೂಡಿಸಿ, ಹೆಂಗಸಾದ್ರೆ 161 ಕಳೀರಿ. ಬಂದಿದ್ದು ನೀವು ದಿನವಿಡೀ ಸುಮ್ನೆ ಮಲಗಿದ್ರೂ ದೇಹ ಖರ್ಚು ಮಾಡೋ ಕ್ಯಾಲೋರಿ. ಅದನ್ನ ನಿಮ್ಮ ಓಡಾಟಕ್ಕೆ ತಕ್ಕಂಗೆ ಗುಣಿಸ್ಬೇಕು: ಕೂತು ಕೆಲಸ ಮಾಡೋರು 1.2, ಮನೆಗೆಲಸ ಪ್ಲಸ್ ಸ್ವಲ್ಪ ವಾಕಿಂಗ್ ಇದ್ರೆ 1.375, ದಿನಾ ಒಳ್ಳೆ ವ್ಯಾಯಾಮ ಇದ್ರೆ 1.55, ತೋಟದಲ್ಲಿ ಗದ್ದೇಲಿ ಮೈಮುರಿದು ದುಡಿಯೋರು 1.725.

ಉದಾಹರಣೆಗೆ 38 ವರ್ಷದ ಹೆಣ್ಣುಮಗಳು, 156 ಸೆಂಟಿಮೀಟರ್, 70 ಕೆಜಿ ಅಂದ್ಕೊಳ್ಳಿ. 700 ಪ್ಲಸ್ 975, ಮೈನಸ್ 190, ಮೈನಸ್ 161, ಬಂತು 1324. ಇಂಟು 1.375 ಮಾಡಿದ್ರೆ 1820. ಇಷ್ಟು ತಿಂದ್ರೆ ತೂಕ ಇದ್ದಲ್ಲೇ ಇರತ್ತೆ. ಇದರಲ್ಲಿ 400 ಕಳೆದು 1420 ಗುರಿ ಇಟ್ಕೊಂಡ್ರೆ, ತೂಕದ 5 ಪರ್ಸೆಂಟ್ ಅಂದ್ರೆ ಮೂರೂವರೆ ಕೆಜಿ ಇಳಿಯೋಕೆ ಹತ್ತು ವಾರ ಹತ್ತಿರ ಬೇಕು.

ಬಹಳ ಜನ ತಾವು ಓಡಾಡೋದು ಜಾಸ್ತಿ ಅಂದ್ಕೊಂಡು ದೊಡ್ಡ ನಂಬರಿಂದ ಗುಣಿಸಿಬಿಡ್ತಾರೆ, ಅನುಮಾನ ಇದ್ರೆ ಚಿಕ್ಕದನ್ನೇ ತಗೊಳ್ಳಿ. ಇನ್ನು ಆಸೆಗೆ ಬಿದ್ದು 800ಕ್ಕೆ 1000ಕ್ಕೆ ಇಳಿಸ್ಬೇಡಿ. ಡಾಕ್ಟ್ರ ಮೇಲ್ವಿಚಾರಣೆ ಇಲ್ದೆ ಹೆಂಗಸರು 1200ಕ್ಕಿಂತ, ಗಂಡಸರು 1500ಕ್ಕಿಂತ ಕೆಳಗೆ ಹೋಗೋದು ಸರಿಯಲ್ಲ. ಆ ಲೆವೆಲ್ಲಲ್ಲಿ ಕಬ್ಬಿಣ, ಕ್ಯಾಲ್ಸಿಯಂ, ಪ್ರೋಟೀನ್ ಯಾವುದೂ ಸರಿಯಾಗಿ ಸಿಗಲ್ಲ, ಮನೆ ಹೆಣ್ಣುಮಕ್ಕಳು ಎಲ್ಲರಿಗೂ ಬಡಿಸಿ ಕೊನೇಲಿ ಉಳಿದಿದ್ದು ತಿನ್ನೋ ಅಭ್ಯಾಸ ಬೇರೆ ನಮ್ಮಲ್ಲಿದೆ, ಅದರ ಮೇಲೆ ಡಯಟ್ ಅಂತ ಇನ್ನೂ ಕಡಿಮೆ ಮಾಡಿದ್ರೆ ರಕ್ತಹೀನತೆಗೆ ದಾರಿ.

ಹಂತ 3: ಒಂದು ವಾರ ಏನೂ ಬದಲಾಯಿಸ್ದೆ ಸುಮ್ನೆ ಬರೀರಿ

ಒಂದು ಡಿಜಿಟಲ್ ಅಡುಗೆ ತಕ್ಕಡಿ ತಗೊಳ್ಳಿ, 5 ಕೆಜಿವರೆಗೆ ತೂಗೋದು, ಒಂದೊಂದು ಗ್ರಾಂ ತೋರ್ಸೋದು, ದುಬಾರಿ ಏನಲ್ಲ. ಅದರಲ್ಲಿ ಪಾತ್ರೆ ಇಟ್ಟು ಬಟನ್ ಒತ್ತಿದ್ರೆ ಸೊನ್ನೆ ಆಗತ್ತೆ, ಆಮೇಲೆ ಹಾಕಿದ್ದರ ತೂಕ ಮಾತ್ರ ಬರತ್ತೆ. ಜೊತೆಗೆ ಅಳತೆ ಚಮಚದ ಸೆಟ್ ಒಂದು, ನೋಟ್‌ಬುಕ್ ಒಂದು. ಕ್ಯಾಲೋರಿ ಲೆಕ್ಕದ ಮೊಬೈಲ್ ಆಪ್ ಬೇಕಾದ್ರೆ ಹಾಕ್ಕೊಳ್ಳಿ, ಕಡ್ಡಾಯ ಏನಲ್ಲ.

ಈ ವಾರ ತಿಂದಿದ್ದನ್ನೆಲ್ಲಾ ಬರೀರಿ, ತಿಂದ ಕೂಡಲೇ ಬರೀರಿ, ರಾತ್ರಿ ಕೂತು ನೆನಪಿಸ್ಕೊಂಡು ಬರೆಯೋದು ಬೇಡ. ಮಗು ತಟ್ಟೇಲಿ ಬಿಟ್ಟಿದ್ದು, ರುಚಿ ನೋಡಕ್ಕೆ ಬಾಯಿಗೆ ಹಾಕ್ಕೊಂಡಿದ್ದು, ಪಕ್ಕದ ಮನೆ ಪ್ರಸಾದ, ಎಲ್ಲಾ. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು, ಎಷ್ಟು ಕಡಿಮೆ ತಿಂದ್ರೂ ತೂಕ ಇಳೀತಿಲ್ಲ ಅಂತಿದ್ದ ಕೆಲವರನ್ನ ಪರೀಕ್ಷೆ ಮಾಡಿ ನೋಡಿದ್ರು, ಅವರು ಬರೆದುಕೊಟ್ಟ ಲೆಕ್ಕ ನಿಜವಾಗಿ ತಿಂದಿದ್ದಕ್ಕಿಂತ ಸರಾಸರಿ 47 ಪರ್ಸೆಂಟ್ ಕಡಿಮೆ ಇತ್ತು. ಅವರೇನು ಬೇಕಂತ ಸುಳ್ಳು ಹೇಳಿರಲಿಲ್ಲ, ಮನುಷ್ಯನ ಕಣ್ಣಿಗೆ ಊಟದ ಅಂದಾಜು ಸಿಗೋದೇ ಕಷ್ಟ.

ಹಂತ 4: ಪಾತ್ರೆ ಲೆಕ್ಕ, ಇದೇ ಮುಖ್ಯ

ಆಪಲ್ಲಿ ಹುರುಳಿಕಾಳು ಸಾರು ಅಂತ ಹುಡುಕಿದ್ರೆ ಯಾರೋ ಎಲ್ಲಿಂದಲೋ ಹಾಕಿರೋ ನಂಬರ್ ಬರತ್ತೆ, ಅವರ ಮನೇಲಿ ಎಷ್ಟು ಕಾಯಿ ಹಾಕಿದ್ರೋ ಎಷ್ಟು ಎಣ್ಣೆ ಬಿಟ್ರೋ ನಿಮಗೇನು ಗೊತ್ತು. ಅದನ್ನ ನಂಬಿ ಲೆಕ್ಕ ಹಾಕಿದ್ರೆ ಲೆಕ್ಕನೇ ಹಾಳು. ನಮ್ಮ ಅಡುಗೆಗೆ ದಾರಿ ಒಂದೇ, ಪಾತ್ರೆಗೆ ಹಾಕೋ ಸಾಮಾನನ್ನ ಹಸಿಯಾಗಿ ತೂಗಿ, ಒಟ್ಟು ಕ್ಯಾಲೋರಿ ತೆಗೆದು, ಬೆಂದ ಮೇಲೆ ಪಾಲು ಮಾಡೋದು.

ಮನೇಲಿರೋ ಸಾಮಾನಿಗೆ 100 ಗ್ರಾಂ ಲೆಕ್ಕದಲ್ಲಿ ಅಂದಾಜು ಹೀಗಿಟ್ಕೊಳ್ಳಿ: ರಾಗಿ ಹಿಟ್ಟು 320, ಅಕ್ಕಿ 350, ತೊಗರಿಬೇಳೆ ಹುರುಳಿಕಾಳು 330, ಹಸಿ ಕಾಯಿತುರಿ 400 ಹತ್ತಿರ, ಕೊಬ್ಬರಿ 600 ದಾಟತ್ತೆ, ಕಡ್ಲೆಕಾಯಿ ಬೀಜ 520ರಿಂದ 570, ಸಕ್ಕರೆ 400, ಬೆಲ್ಲ ಅದಕ್ಕಿಂತ ಸ್ವಲ್ಪ ಕಡಿಮೆ, ಎಣ್ಣೆ 900. ಒಂದು ಮೊಟ್ಟೆ 70ರಿಂದ 75. ಸೊಪ್ಪು, ಸೋರೆಕಾಯಿ, ಬೀನ್ಸ್, ಹೂಕೋಸು ಇವೆಲ್ಲ 15ರಿಂದ 40ರೊಳಗೆ. ಇನ್ನೂ ಸರಿಯಾಗಿ ಬೇಕಂದ್ರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2017ರಲ್ಲಿ ಭಾರತದ ಆಹಾರಗಳದ್ದೇ ದೊಡ್ಡ ಕೋಷ್ಟಕ ತಂದಿದಾರೆ, ಅದು ನಮ್ಮ ಸಾಮಾನಿಗೆ ವಿದೇಶಿ ಪಟ್ಟಿಗಿಂತ ಚೆನ್ನಾಗಿ ಹೊಂದತ್ತೆ.

ಈಗ ಮುದ್ದೆ. 400 ಗ್ರಾಂ ಹಿಟ್ಟಿಗೆ ಎಸರಿಟ್ಟು ತೊಳೆಸಿ ನಾಲ್ಕು ಮುದ್ದೆ ಕಟ್ಟಿದ್ರಿ ಅಂದ್ಕೊಳ್ಳಿ. ಒಟ್ಟು 1280 ಕ್ಯಾಲೋರಿ, ಮುದ್ದೆಗೆ 320. ನೀರಿಗೆ ಕ್ಯಾಲೋರಿ ಇಲ್ಲ, ಹಾಗಾಗಿ ಮುದ್ದೆ ಗಟ್ಟಿ ಆಗ್ಲಿ ಮೆತ್ತಗಾಗ್ಲಿ ಒಟ್ಟು ಅಷ್ಟೇ. ಗಮನಿಸಿ, ರಾಗಿ ಮತ್ತು ಅಕ್ಕಿಗೆ ತೂಕಕ್ಕೆ ತೂಕ ಇಟ್ರೆ ಕ್ಯಾಲೋರಿಯಲ್ಲಿ ವ್ಯತ್ಯಾಸ ಬಹಳ ಇಲ್ಲ. ರಾಗಿ ಒಳ್ಳೇದೇ, ನಾರು ಇದೆ, 100 ಗ್ರಾಂಗೆ 340 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ, ಹೊಟ್ಟೆಲಿ ನಿಲ್ಲತ್ತೆ, ಮತ್ತೆ ಮತ್ತೆ ಹಸಿವಾಗಲ್ಲ. ಆದ್ರೆ ಮುದ್ದೆ ಅಲ್ವಾ ಅಂತ ಎರಡು ತಿಂದು ಮೇಲೆ ಅನ್ನನೂ ತಿಂದ್ರೆ ತೂಕ ಇಳಿಯೋದು ಎಲ್ಲಿಂದ.

ಅನ್ನದಲ್ಲಿ ಎಲ್ಲರೂ ಎಡವೋ ಜಾಗ ಇನ್ನೊಂದಿದೆ. ಹಸಿ ಅಕ್ಕಿ 100 ಗ್ರಾಂಗೆ 350, ಬೆಂದ ಅನ್ನ 100 ಗ್ರಾಂಗೆ 130 ಹತ್ತಿರ, ಯಾಕಂದ್ರೆ ನೀರು ಕುಡಿದು ಎರಡೂವರೆ ಮೂರು ಪಟ್ಟು ಆಗಿರತ್ತೆ. ತೂಗಿದ್ದು ಅನ್ನ, ಆಪಲ್ಲಿ ಹಾಕಿದ್ದು ಅಕ್ಕಿ, ಹಿಂಗಾದ್ರೆ ಒಂದೇ ಊಟಕ್ಕೆ ನಾನೂರು ಕ್ಯಾಲೋರಿ ತಪ್ಪತ್ತೆ. ನಮೂದಿಸೋ ಮುಂಚೆ ಹಸೀದಾ ಬೆಂದಿದ್ದಾ ನೋಡಿ.

ಇನ್ನು ಸಾರು. ನಾಲ್ಕು ಜನಕ್ಕೆ ಹುರುಳಿಕಾಳು ಸಾರು, ಕಾಳು 200 ಗ್ರಾಂ, ಕಾಯಿತುರಿ 100 ಗ್ರಾಂ, ಒಗ್ಗರಣೆ ಮಸಾಲೆ ಎಲ್ಲಾ ಸೇರಿ ಎಣ್ಣೆ ಮೂರು ದೊಡ್ಡ ಚಮಚ, ಈರುಳ್ಳಿ ಟೊಮೇಟೊ ಇದ್ದಷ್ಟು. ಕಾಳಿಂದ 660, ಕಾಯಿಂದ 400, ಎಣ್ಣೆಯಿಂದ 370, ಈರುಳ್ಳಿ ಟೊಮೇಟೊ 100. ಒಟ್ಟು 1530. ಇದರಲ್ಲಿ ಅರ್ಧ ಕಾಯಿ ಮತ್ತೆ ಎಣ್ಣೆದೇ! ಎಲ್ಲರೂ ಮುದ್ದೆ ಮೇಲೆ ಅನ್ನದ ಮೇಲೆ ಅನುಮಾನ ಪಡ್ತಾರೆ, ಸಾರಿನ ಕಡೆ ನೋಡೋದೇ ಇಲ್ಲ. ಅದೇ ಸಾರಿಗೆ ಕಾಯಿ 40 ಗ್ರಾಂ, ಎಣ್ಣೆ ಒಂದು ದೊಡ್ಡ ಚಮಚ ಮಾಡಿ, ಗಟ್ಟಿ ಬರ್ಲಿ ಅಂತ ಒಂದು ಹಿಡಿ ಬೆಂದ ಕಾಳನ್ನೇ ಮಸಾಲೆ ಜೊತೆ ರುಬ್ಬಿ ಹಾಕಿ. ಒಬ್ಬೊಬ್ರ ಪಾಲಿಗೆ 120 ಕ್ಯಾಲೋರಿ ಕಡಿಮೆ ಆಯ್ತು, ತಟ್ಟೇಲಿ ಊಟ ಅಷ್ಟೇ ಇದೆ. ಅರಸೀಕೆರೆ ಚನ್ನರಾಯಪಟ್ಟಣದ ಕಡೆ ತೆಂಗು ಮನೇದೇ ಇರೋದ್ರಿಂದ ಕೈ ಧಾರಾಳ, ಕಾಯಿ ಬಿಡಿ ಅಂತ ನಾನು ಹೇಳಲ್ಲ, ತೂಗಿ ಹಾಕಿ ಅಷ್ಟೇ.

ಪಾಲು ಮಾಡೋಕೆ, ಖಾಲಿ ಪಾತ್ರೆ ತೂಕ ಮೊದಲೇ ಬರೆದಿಟ್ಕೊಳ್ಳಿ. ಸಾರಾದ ಮೇಲೆ ಪಾತ್ರೆ ಸಮೇತ ತೂಗಿ ಅದನ್ನ ಕಳೀರಿ, ಬಂದ ತೂಕದಿಂದ ಒಟ್ಟು ಕ್ಯಾಲೋರಿ ಭಾಗಿಸಿದ್ರೆ ಗ್ರಾಂಗೆ ಎಷ್ಟು ಅಂತ ಸಿಗತ್ತೆ. ದಿನಾ ಇಷ್ಟೆಲ್ಲಾ ಬೇಕಾಗಲ್ಲ, ನಮ್ಮ ಮನೆಗಳಲ್ಲಿ ತಿರುಗಿ ತಿರುಗಿ ಬರೋ ಅಡುಗೆ ಹದಿನೈದು ಇಪ್ಪತ್ತು ಇರ್ಬಹುದು, ಒಂದೊಂದನ್ನ ಒಂದೇ ಸಲ ಲೆಕ್ಕ ಹಾಕಿ ಫ್ರಿಜ್ ಮೇಲೆ ಅಂಟಿಸಿದ್ರೆ ಆಯ್ತು. ಸೌಟಿಗೆ ಇಷ್ಟು, ರೊಟ್ಟಿಗೆ ಇಷ್ಟು. ಸಕಲೇಶಪುರ ಕಡೆಯ ಕಡುಬಿಗೂ ಅಕ್ಕಿರೊಟ್ಟಿಗೂ ಇದೇ ದಾರಿ, ಕಡುಬು ಹಬೇಲಿ ಬೇಯೋದ್ರಿಂದ ಎಣ್ಣೆ ಲೆಕ್ಕ ಇಲ್ಲ, ಅಕ್ಕಿರೊಟ್ಟಿಗೆ ಬಾಣಲೆಗೆ ಬಿಡೋ ಎಣ್ಣೆನೂ ಸೇರಿಸಿ.

ಹಂತ 5: ಎಣ್ಣೆಗೆ ತಿಂಗಳ ಲೆಕ್ಕ

ಪ್ರತಿ ಒಗ್ಗರಣೆಗೂ ಚಮಚ ಹಿಡಿಯೋಕಾಗಲ್ಲ ಅನ್ನೋರಿಗೆ ಇದು ಒಳ್ಳೆ ಉಪಾಯ. ತಿಂಗಳಿಗೆ ಎಷ್ಟು ಪ್ಯಾಕೆಟ್ ಎಣ್ಣೆ ಖಾಲಿ ಆಗತ್ತೆ ನೋಡಿ. ಒಂದು ಲೀಟರ್ ಅಂದ್ರೆ 910 ಗ್ರಾಂ. ನಾಲ್ಕು ಜನದ ಮನೇಲಿ 5 ಲೀಟರ್ ಆಗ್ತಿದ್ರೆ ಒಬ್ಬರಿಗೆ ದಿನಕ್ಕೆ 38 ಗ್ರಾಂ, 340 ಕ್ಯಾಲೋರಿ. ಅದನ್ನ 3 ಲೀಟರ್‌ಗೆ ಇಳಿಸಿದ್ರೆ ಒಬ್ಬೊಬ್ಬರಿಗೆ ದಿನಕ್ಕೆ 135 ಹತ್ತಿರ ಉಳಿತಾಯ, ಜೊತೆಗೆ ದುಡ್ಡೂ ಉಳೀತು. ಎಣ್ಣೆ ಡಬ್ಬದಿಂದ ನೇರ ಬಾಣಲೆಗೆ ಬಗ್ಗಿಸೋ ಅಭ್ಯಾಸ ಬಿಟ್ಟು ಚಮಚದಲ್ಲಿ ಹಾಕಿದ್ರೇನೇ ಅರ್ಧ ಕೆಲಸ ಆಗತ್ತೆ.

ಹಂತ 6: ಕಾಫಿ ಟೀ ಬೇಕರಿ

100 ಎಂಎಲ್ ಟೋನ್ಡ್ ಹಾಲಿಗೆ 60, ಎರಡು ಚಮಚ ಸಕ್ಕರೆಗೆ 40, ಒಂದು ಲೋಟ ಕಾಫಿ 100 ಆಯ್ತು. ದಿನಕ್ಕೆ ಐದು ಸಲ ಆದ್ರೆ 500, ಮೇಲೆ ಲೆಕ್ಕ ಹಾಕಿದ ಹೆಣ್ಣುಮಗಳ ಇಡೀ ದಿನದ ಪಾಲಲ್ಲಿ ಮೂರನೇ ಒಂದು ಭಾಗ! ಕಾಫಿ ನಾಡಲ್ಲಿ ಕಾಫಿ ಬಿಡಿ ಅನ್ನೋದು ತಪ್ಪು, ಎರಡು ಲೋಟಕ್ಕೆ ತನ್ನಿ, ಸಕ್ಕರೆ ವಾರಕ್ಕೆ ಅರ್ಧರ್ಧ ಚಮಚ ಇಳಿಸ್ತಾ ಬನ್ನಿ, ನಾಲಿಗೆ ಒಗ್ಗತ್ತೆ. ಬೆಲ್ಲದ ಕಾಫಿ ಕುಡಿದ್ರೆ ತೂಕ ಏರಲ್ಲ ಅನ್ನೋದನ್ನ ನಂಬಬೇಡಿ.

ಬೇಕರಿ ವಿಷಯ ಹಾಸನದಲ್ಲಿ ಹೇಳ್ಲೇಬೇಕು, ಊರೂರಿಗೆ ಹರಡಿರೋ ಅಯ್ಯಂಗಾರ್ ಬೇಕರಿಗಳ ಮೂಲ ಬಹಳಷ್ಟು ನಮ್ಮ ಜಿಲ್ಲೇದೇ ಅಲ್ವಾ, ಆ ಹೆಮ್ಮೆ ನನಗೂ ಇದೆ. ಆದ್ರೆ ಎಣ್ಣೇಲಿ ಕರಿದಿದ್ದು, ಬೆಣ್ಣೆ ಡಾಲ್ಡಾ ಹಾಕಿ ಸುಟ್ಟಿದ್ದು ಯಾವುದಾದ್ರೂ 100 ಗ್ರಾಂಗೆ 450ರಿಂದ 550 ಅಂತ ಅಂದಾಜು ಇಟ್ಕೊಳ್ಳಿ. ಎರಡು ನಿಪ್ಪಟ್ಟು 40 ಗ್ರಾಂ ಇದ್ರೆ 200 ಆಯ್ತು. 70 ಕೆಜಿ ಇರೋರು ನಾಲ್ಕು ಕಿಲೋಮೀಟರ್ ನಡೆದ್ರೆ ಖರ್ಚಾಗೋದೂ ಅಷ್ಟೇ. ವಾಕಿಂಗ್ ಮುಗಿಸಿ ಪಾರ್ಕಿಂದ ಹೊರಗೆ ಬಂದು ಟೀ ಜೊತೆ ಎರಡು ನಿಪ್ಪಟ್ಟು ತಿನ್ನೋರಿಗೆ ತೂಕ ಯಾಕೆ ನಿಂತಲ್ಲೇ ನಿಂತಿದೆ ಅನ್ನೋದಕ್ಕೆ ಉತ್ತರ ಇಲ್ಲಿದೆ. ಹಾಗಂತ ನಡೆಯೋದು ಬಿಡಬೇಡಿ, ಹೃದಯಕ್ಕೆ, ಶುಗರ್‌ಗೆ, ನಿದ್ದೆಗೆ ನಡಿಗೆ ಬೇಕೇ ಬೇಕು. ವಾಚು ತೋರ್ಸಿದ ಕ್ಯಾಲೋರಿನ ತಿರುಗಿ ತಿನ್ನೋಕೆ ಹೋಗ್ಬೇಡಿ, ಅಷ್ಟೇ.

ಹಂತ 7: ಏನನ್ನ ಹೆಚ್ಚು ತಿನ್ನಬೇಕು

ಬರೀ ಕಡಿಮೆ ಮಾಡ್ತಾ ಹೋದ್ರೆ ಹಸಿವಲ್ಲಿ ಮೂರನೇ ವಾರಕ್ಕೆ ಬಿಟ್ಟುಬಿಡ್ತೀರಿ. ಹೊಟ್ಟೆ ತುಂಬಿಸೋದು ನಾರು, ನೀರಿನಂಶ ಮತ್ತು ಪ್ರೋಟೀನ್. ಈ ವಿಷಯದಲ್ಲಿ ನಮ್ಮ ಬಸ್ಸಾರಿಗಿಂತ ಒಳ್ಳೆ ಡಯಟ್ ಊಟ ನನಗೆ ಕಾಣ್ಸಿಲ್ಲ, ಸೊಪ್ಪು ಕಾಳು ಬೇಯಿಸಿದ ಕಟ್ಟು ಸಾರಾಗತ್ತೆ, ಸೊಪ್ಪು ಕಾಳು ಪಲ್ಯ ಆಗತ್ತೆ, ಒಂದು ಮುದ್ದೆ, ಮೇಲೆ ಮಜ್ಜಿಗೆ. ಪಲ್ಯಕ್ಕೆ ಎಣ್ಣೆ ಕಾಯಿ ಹಿಡಿತದಲ್ಲಿದ್ರೆ ಇಡೀ ಊಟ 500 ಸುತ್ತಮುತ್ತ ಮುಗಿಯತ್ತೆ. ಮುದ್ದೆ ಅಷ್ಟೇ ಇರ್ಲಿ, ಪಲ್ಯ ಎರಡು ಪಟ್ಟು ಹಾಕ್ಕೊಳ್ಳಿ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ 400 ಗ್ರಾಂ ತರಕಾರಿ ಹೇಳತ್ತೆ, ಕಟ್ಟಿನಕೆರೆ ಮಾರ್ಕೆಟ್ಟಿಗೆ ಹೋದಾಗ ಆ ಲೆಕ್ಕದಲ್ಲಿ ತಂದು ನೋಡಿ, ಈಗ ತಿನ್ನೋದು ಎಷ್ಟು ಕಡಿಮೆ ಅಂತ ಗೊತ್ತಾಗತ್ತೆ. ಆಲೂಗೆಡ್ಡೆನ ಮಾತ್ರ ತರಕಾರಿ ಲೆಕ್ಕಕ್ಕೆ ಹಾಕ್ಬೇಡಿ, ಅದು ಅನ್ನದ ಜೊತೆಗೆ ಸೇರೋದು.

ಪ್ರೋಟೀನ್ ತೂಕದ ಕೆಜಿಗೆ 1 ಗ್ರಾಂ ಹತ್ತಿರ ಬಂದ್ರೆ ಇಳಿಯುವಾಗ ಸ್ನಾಯು ಉಳಿಯತ್ತೆ. ಮೊಟ್ಟೆಗೆ 6 ಗ್ರಾಂ, 100 ಗ್ರಾಂ ಹುರುಳಿಗೆ 22 ಗ್ರಾಂ, ಮೊಳಕೆ ಕಾಳು, ಮೊಸರು, ಮೀನು, ಚರ್ಮ ತೆಗೆದ ಕೋಳಿ, ಇವನ್ನ ಮೂರೂ ಹೊತ್ತಿಗೆ ಹಂಚಿ. ವಾರಕ್ಕೆ ಎರಡು ಮೂರು ದಿನ ಬಸ್ಕಿ, ಗೋಡೆಗೆ ಕೈ ಕೊಟ್ಟು ದಂಡ, ಭಾರ ಎತ್ತೋದು ಏನಾದ್ರೂ ಮಾಡಿ.

ಹಂತ 8: ತೂಕದ ಮಿಷನ್ ನೋಡೋ ರೀತಿ

ಬೆಳಿಗ್ಗೆ ಎದ್ದು ಬಾತ್‌ರೂಮಿಗೆ ಹೋಗಿ ಬಂದು, ಏನೂ ತಿನ್ನೋ ಮುಂಚೆ ತೂಗಿ, ಬರೀರಿ. ದಿನದ ನಂಬರಿಗೆ ಬೆಲೆ ಕೊಡ್ಬೇಡಿ, ಏಳು ದಿನದ ಸರಾಸರಿ ತೆಗೆದು ಹೋದ ವಾರದ ಸರಾಸರಿ ಜೊತೆ ಹೋಲಿಸಿ. ಉಪ್ಪಿನಕಾಯಿ ಜಾಸ್ತಿ ಆದ್ರೆ, ಮುಟ್ಟಿನ ಹಿಂದಿನ ವಾರ, ಬಸ್ಸಲ್ಲಿ ದೂರ ಹೋಗಿ ಬಂದ ಮರುದಿನ, ಒಂದು ಎರಡು ಕೆಜಿ ನೀರು ನಿಲ್ಲೋದು ಮಾಮೂಲಿ. ಮೂರು ನಾಲ್ಕು ವಾರ ಸರಾಸರಿ ಅಲ್ಲಾಡ್ದೇ ಇದ್ರೆ ಮಾತ್ರ ಮೊದ್ಲು ಬರೆಯೋದು ಸಡಿಲ ಆಗಿದೆಯಾ ನೋಡಿ, ಆಮೇಲೆ ಹೊಸ ತೂಕ ಹಾಕಿ ಸೂತ್ರ ಮತ್ತೆ ಲೆಕ್ಕ ಮಾಡಿ. ತೂಕ ಇಳಿದ ದೇಹಕ್ಕೆ ಬೇಕಾಗೋದೂ ಕಡಿಮೆ, ಹಾಗಾಗಿ ಮೊದಲಿನ ನಂಬರ್ ಕೊನೇವರೆಗೂ ನಡೆಯಲ್ಲ.

ಹಬ್ಬ, ಮದುವೆ, ಬಾಡೂಟ

ಯುಗಾದಿ ಹೋಳಿಗೆ, ಹೊಸತೊಡಕಿನ ಬಾಡು, ಹಾಸನಾಂಬೆ ಬಾಗಿಲು ತೆಗೆದಾಗ ಮನೆಗೆ ಬರೋ ನೆಂಟರು, ಇದೆಲ್ಲಾ ಇದ್ದಿದ್ದೇ. ಆ ದಿನ ತಕ್ಕಡಿ ಹಿಡ್ಕೊಂಡು ಕೂರ್ಬೇಡಿ, ಬಡಿಸಿದ ಅಜ್ಜಿಗೆ ಬೇಜಾರು ಮಾಡ್ಬೇಡಿ. ಒಂದು ಹೋಳಿಗೆಗೆ ತುಪ್ಪ ಸೇರಿ 250ರಿಂದ 300 ಅಂತ ಬರೆದು ಸುಮ್ನಾಗಿ. ಮರುದಿನ ಉಪವಾಸ ಮಾಡಿ ಸರಿದೂಗಿಸೋದು ಬೇಡ, ಮಾಮೂಲಿ ಊಟಕ್ಕೆ ವಾಪಸ್ ಬನ್ನಿ. ತೂಕ ಏರೋದು ಹಬ್ಬದ ಒಂದು ದಿನದಿಂದಲ್ಲ, ಹಬ್ಬದ ಚಕ್ಲಿ ಕೋಡುಬಳೆ ಡಬ್ಬ ಹದಿನೈದು ದಿನ ಅಡುಗೆಮನೇಲಿ ಕೈಗೆ ಸಿಗೋ ಹಾಗೆ ಇರೋದ್ರಿಂದ.

ಹಂತ 9: ಯಾವಾಗ ನಿಲ್ಲಿಸ್ಬೇಕು

ಆರೇಳು ವಾರ ಆದ್ಮೇಲೆ ಒಂದು ಪರೀಕ್ಷೆ ಮಾಡ್ಕೊಳ್ಳಿ. ತೂಗೋ ಮುಂಚೆ ಅನ್ನ ಎಷ್ಟು ಗ್ರಾಂ, ಮುದ್ದೆ ಎಷ್ಟು ಅಂತ ಬಾಯಲ್ಲಿ ಹೇಳಿ ಆಮೇಲೆ ತೂಗಿ. ಹತ್ತರಲ್ಲಿ ಎಂಟು ಸಲ ಹತ್ತಿರ ಹತ್ತಿರ ಬಂದ್ರೆ ದಿನಾ ಬರೆಯೋದು ನಿಲ್ಲಿಸಿ, ತಿಂಗಳಿಗೆ ಎರಡು ಮೂರು ದಿನ ಮಾತ್ರ ಬರೀರಿ, ವಾರದ ತೂಕ ನೋಡ್ತಾ ಇರಿ, ಎರಡು ಕೆಜಿ ತಿರುಗಿ ಏರಿದ್ರೆ ಮತ್ತೆ ಒಂದೆರಡು ವಾರ ಬರೀರಿ.

ಇನ್ನೊಂದು ಕಾರಣಕ್ಕೂ ನಿಲ್ಲಿಸ್ಬೇಕಾಗ್ಬಹುದು, ಅದನ್ನ ಮನೆಯವರೂ ಗಮನಿಸ್ಬೇಕು. ನಂಬರ್ ಗೊತ್ತಿಲ್ಲ ಅಂತ ನೆಂಟರ ಮನೆ ಊಟಕ್ಕೇ ಹೋಗದೆ ಇರೋದು, ಒಂದು ಚಪಾತಿ ಜಾಸ್ತಿ ಆಯ್ತು ಅಂತ ಅಳೋದು, ಮುಟ್ಟು ನಿಲ್ಲೋದು, ಕೂದಲು ಉದುರೋದು, ಎದ್ದು ನಿಂತ್ರೆ ಕಣ್ಣು ಕತ್ತಲೆ ಬರೋದು, ಇದರಲ್ಲಿ ಯಾವುದು ಕಂಡ್ರೂ ಆವತ್ತೇ ಲೆಕ್ಕ ಬಿಟ್ಟು ಡಾಕ್ಟ್ರ ಹತ್ರ ಹೋಗಿ, ಬರೆದಿಟ್ಟ ನೋಟ್‌ಬುಕ್ ಜೊತೇಲಿ ತಗೊಂಡೋಗಿ, ಎಷ್ಟು ತಿಂತಿದ್ರಿ ಅಂತ ಅವರಿಗೆ ಅದರಿಂದಲೇ ಗೊತ್ತಾಗತ್ತೆ.